ಮುಂಗಡ ಕೊಟ್ಟವ ಸಾಲಗಾರನಲ್ಲ!



ಸಾಲದ ಮಾತು ನಮಗೆ ಹೊಸದಲ್ಲ. ಬ್ಯಾಂಕಿನ ಸಾಲ, ಸೊಸೈಟಿ ಸಾಲ, ಅಡತಿ ಅಂಗಡಿಯ ಸಾಲ, ಗೊಬ್ಬರದ ಅಂಗಡಿಯ ಉದ್ರಿ. ಎಲ್ಲದರಲ್ಲೂ ತಗೊಂಡವರು ನಾವು, ಕೊಟ್ಟವರು ಅವರು. ತೊಗರಿ ಮಾರಿ ಕೈಗೆ ಬಂದ ದುಡ್ಡು ಮನೆ ಹೊಸ್ತಿಲು ದಾಟೋ ಮೊದಲೇ ಬಾಕಿಗೆ ಹೋಗೋದನ್ನು ಚಿಂಚೋಳಿ, ಸೇಡಂ, ಚಿತ್ತಾಪುರ ಸೀಮೆಯ ಪ್ರತಿ ಮನೆಯೂ ಕಂಡಿದೆ.

ಈ ಸಲ ಬಿಚ್ಚುವುದು ತಿರುಗಾಮುರುಗಾ ಆದ ಒಂದು ಸಾಲದ ಲೆಕ್ಕ. ಇದರಲ್ಲಿ ಕೊಟ್ಟವರು ನಾವು, ತಗೊಂಡವರು ಕಂಪನಿಯವರು. ಬಡ್ಡಿಯಿಲ್ಲ, ಪತ್ರವಿಲ್ಲ, ಜಾಮೀನಿಲ್ಲ. ಆದರೂ ಬಾಕಿದಾರರ ಹಾಗೆ ಕೈಕಟ್ಟಿ ನಿಲ್ಲುವವರು ನಾವೇ! ಚಿಮ್ಮನಚೋಡದ ಯಾವುದೇ ರಿಚಾರ್ಜ್ ಅಂಗಡಿ ಮುಂದ ಹತ್ತು ನಿಮಿಷ ನಿಂತು ನೋಡ್ರಿ. "ಅಣ್ಣಾ, ನನ್ನ ಪ್ಯಾಕ್ ಮುಗೀತಂತ, ಏನರೆ ಮಾಡು" ಅಂತ ಬರುವವನ ಮುಖ, ಕಂತು ಕಟ್ಟದೆ ಬ್ಯಾಂಕಿಗೆ ಹೋದವನ ಮುಖದ ಹಾಗೇ ಇರ್ತದ. ಅವನು ಯಾರಿಗೂ ಒಂದು ಪೈಸೆ ಕೊಡಬೇಕಾಗಿಲ್ಲ. ದುಡ್ಡು ಮೊದಲೇ ಎಣಿಸಿ ಕೊಟ್ಟವನು. ಹಾಗಿದ್ದರೂ ತಪ್ಪು ಮಾಡಿದವನಂತೆ ನಿಂತಿದ್ದಾನೆ.

ಈ ನಾಚಿಕೆ ಎಲ್ಲಿಂದ ಬಂತು? ಲೆಕ್ಕ ಗೊತ್ತಿಲ್ಲದ್ದರಿಂದ ಬಂತು. ಆದ್ದರಿಂದ ಲೆಕ್ಕ ಮಾಡೋಣ.

ಗಿರಣಿಯ ನ್ಯಾಯ, ಪ್ಯಾಕಿನ ನ್ಯಾಯ

ಹಿಟ್ಟಿನ ಗಿರಣಿಗೆ ಜೋಳ ಒಯ್ತೀರಿ. ಹತ್ತು ಕಿಲೋ ತೂಗ್ತಾನೆ, ಬೀಸ್ತಾನೆ, ಹತ್ತು ಕಿಲೋದ ದುಡ್ಡು ತಗೋತಾನೆ. ಇದು ಬಳಸಿದಷ್ಟಕ್ಕೆ ದುಡ್ಡು. ಇದರಲ್ಲಿ ನಮಗೆ ತಕರಾರಿಲ್ಲ. ಆದರೆ ಗಿರಣಿಯವ ಒಂದು ದಿನ ಹೀಗೆ ಅಂದ ಅಂತ ಇಟ್ಟುಕೊಳ್ಳಿ: "ಇಪ್ಪತ್ತೆಂಟು ಕಿಲೋದ ದುಡ್ಡು ಮೊದಲೇ ಇಡ್ರಿ. ದಿನಕ್ಕ ಒಂದು ಕಿಲೋ ಬೀಸ್ತೀನಿ. ಇವತ್ತು ಜ್ವಾಳ ತರಲಿಲ್ಲಂದ್ರ ಇವತ್ತಿನ ಕಿಲೋ ಹೋತು. ನಾಳಿಗಿ ಎರಡು ಕಿಲೋ ತಂದ್ರ ಎರಡನೇ ಕಿಲೋಕ್ಕ ಬ್ಯಾರೆ ರೇಟು. ಇಪ್ಪತ್ತೆಂಟು ದಿನ ಮುಗೀತಂದ್ರ ನಿಮ್ಮ ದುಡ್ಡೂ ಮುಗೀತು." ಅಂಥ ಗಿರಣಿಯವನನ್ನು ಊರು ಸುಮ್ಮನೆ ಬಿಡ್ತದೇನು? ಆದರೆ ಇದೇ ಮಾತನ್ನು ಮೊಬೈಲ್ ಕಂಪನಿ ಹೇಳಿದಾಗ ನಾವು ತಲೆ ಅಲ್ಲಾಡಿಸಿ ದುಡ್ಡು ಕೊಟ್ಟು ಬರ್ತೀವಿ.

2024ರ ಜುಲೈನಲ್ಲಿ ಮೂರು ದೊಡ್ಡ ಖಾಸಗಿ ಮೊಬೈಲ್ ಕಂಪನಿಗಳು ಒಂದರ ಹಿಂದೊಂದು ದರ ಏರಿಸಿದವು. ಜಿಯೋದಲ್ಲಿ 28 ದಿನ, ದಿನಕ್ಕೆ ಒಂದೂವರೆ ಜಿಬಿ ಕೊಡುವ ಪ್ಯಾಕ್ 239 ರೂಪಾಯಿಯಿಂದ 299ಕ್ಕೆ ಹೋಯಿತು. ನೂರಕ್ಕೆ ಇಪ್ಪತ್ತೈದು ಏರಿಕೆ, ಒಂದೇ ಏಟಿಗೆ. ಅದೇ ವರ್ಷ ಜೂನ್‌ನಲ್ಲಿ ನಮ್ಮ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 7,000ದಿಂದ 7,550 ಆಯಿತು. ನೂರಕ್ಕೆ ಎಂಟೂ ತುಂಬಲಿಲ್ಲ. ಅದಕ್ಕೆ ಆಯೋಗದ ವರದಿ ಬೇಕು, ದಿಲ್ಲಿಯ ಮಂತ್ರಿ ಮಂಡಲ ಕೂರಬೇಕು, ಆ ಮೇಲೆ ಖರೀದಿ ಕೇಂದ್ರ ತೆರೆಯೋವರೆಗೆ ಕಾಯಬೇಕು. ಕಂಪನಿಗೆ ಯಾವ ಆಯೋಗವೂ ಬೇಕಾಗಲಿಲ್ಲ. ಮೊಬೈಲ್ ದರ ಇಡುವ ಕೆಲಸವನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಬಹುಮಟ್ಟಿಗೆ ಕಂಪನಿಗಳಿಗೇ ಬಿಟ್ಟುಬಿಟ್ಟಿದೆ.

ಪೆನ್ಸಿಲ್ ತಗೊಳ್ರಿ. ದಿನಕ್ಕೆ ಒಂದೂವರೆಯಂತೆ 28 ದಿನಕ್ಕೆ 42 ಜಿಬಿ. ಕರೆ ಪುಕ್ಕಟೆ ಅಂತ ಹಿಡಿದು, 299 ರೂಪಾಯಿಯನ್ನೆಲ್ಲ ಜಿಬಿ ಮೇಲೇ ಹಂಚಿದರೂ ಒಂದು ಜಿಬಿಗೆ ಬೀಳುವುದು 7 ರೂಪಾಯಿ 12 ಪೈಸೆ. ಇನ್ನು ದಿನದ ಪಾಲು ಮುಗಿದವರು ಮೇಲೆ ಕೊಳ್ಳುವ 1 ಜಿಬಿಯ ಚಿಕ್ಕ ಪ್ಯಾಕ್ ಉಂಟಲ್ಲ, ಅದೂ ಅದೇ ಜುಲೈನಲ್ಲಿ 15 ರೂಪಾಯಿಯಿಂದ 19 ಆಯಿತು. ಅಂದರೆ ಪ್ಯಾಕಿನ ಒಳಗಿನ ಜಿಬಿಗೆ 7 ರೂಪಾಯಿ, ಹೊರಗಿನ ಜಿಬಿಗೆ 19. ಎರಡೂವರೆ ಪಟ್ಟಿಗಿಂತ ಹೆಚ್ಚು! ಮಾಲು ಅದೇ, ಗೋಪುರ ಅದೇ, ಗಾಳಿಯೂ ಅದೇ.

ಸರಿ, ಹೆಚ್ಚು ಬಳಸಿದರೆ ಹೆಚ್ಚು ದರ ಅಂತೀರಿ. ಹಾಗಾದರೆ ಕಡಿಮೆ ಬಳಸಿದವನಿಗೆ ವಾಪಸ್ ಎಷ್ಟು? ದಿನಾ ಅರ್ಧ ಜಿಬಿ ಉಳಿಸಿದ ಮುದುಕಪ್ಪನ ಲೆಕ್ಕದಲ್ಲಿ 28 ದಿನಕ್ಕೆ 14 ಜಿಬಿ ಉಳೀತದೆ. ವಾಪಸ್ ಬರೋದು ಸೊನ್ನೆ. ರಾತ್ರಿ ಹನ್ನೆರಡು ಹೊಡೆದರೆ ಉಳಿಕೆ ಮಾಯ. ಮಿಕ್ಕಿದರೆ ಅವರ ಪಾಲು, ಮೀರಿದರೆ ನಮ್ಮ ತಲೆ ಮೇಲೆ. ಇಡೀ ವ್ಯಾಪಾರದ ಗುಟ್ಟು ಈ ಒಂದು ಮಾತಿನಲ್ಲಿದೆ.

28 ದಿನದ ತಿಂಗಳ ಮರ್ಮವೂ ಇದೇ. ವರ್ಷಕ್ಕೆ ಹನ್ನೆರಡು ತಿಂಗಳು ಅಂತ ನಾವು ತಿಳಿದಿದ್ದೇವೆ. 28ರ ಲೆಕ್ಕದಲ್ಲಿ ಹದಿಮೂರು ತಿಂಗಳು. 299ರಂತೆ ಹನ್ನೆರಡು ಸಲ ಕೊಟ್ಟರೆ 3,588 ರೂಪಾಯಿ, ಹದಿಮೂರು ಸಲ ಕೊಟ್ಟರೆ 3,887. ಅಧಿಕ ಮಾಸ ಪಂಚಾಂಗದಲ್ಲಿ ಎರಡೂವರೆ ಮೂರು ವರ್ಷಕ್ಕೊಮ್ಮೆ ಬರ್ತದೆ. ಕಂಪನಿ ಪಂಚಾಂಗದಲ್ಲಿ ವರ್ಷಾ ವರ್ಷಾ ಬರ್ತದೆ. ಗ್ರಾಹಕರು ದೂರಿದ ಮೇಲೆ, ಪೂರಾ 30 ದಿನದ ಪ್ಯಾಕನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಪ್ಯಾಕನ್ನೂ ಒಂದೊಂದಾದರೂ ಇಡಲೇಬೇಕು ಅಂತ ಟ್ರಾಯ್ 2022ರ ಜನವರಿಯಲ್ಲಿ ಆಜ್ಞೆ ಮಾಡಿತು. ಬರೀ ಕರೆ ಮತ್ತು ಸಂದೇಶ ಬೇಕಾದವರಿಗೆ ಡೇಟಾ ಇಲ್ಲದ ಪ್ಯಾಕ್ ಇಡಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಇನ್ನೊಂದು ನಿಯಮ ತಂದಿತು. ಕೇಳಿದರೆ ಸಿಗ್ತದೆ ಅನ್ನೋದಕ್ಕೆ ಇವೇ ಸಾಕ್ಷಿ. ಅಂಗಡಿಯಲ್ಲಿ ಕೇಳುವವರು ಎಷ್ಟು ಮಂದಿ?

ಕ್ರೆಡಿಟ್ ಎಂಬ ಹೊಸ ಸೇರು

ಮೊಬೈಲ್ ಮನೆಯ ಮಾತಾಯಿತು. ಇನ್ನು ಸಂಘದ ಮಾತಿಗೆ ಬರೋಣ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಲು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ರೈತ ಉತ್ಪಾದಕ ಕಂಪನಿಗಳೂ ಊರೂರಿಗೆ ಎದ್ದಿವೆ. ಲೆಕ್ಕ, ದಾಸ್ತಾನು, ಸದಸ್ಯರಿಗೆ ಸುದ್ದಿ, ಎಲ್ಲಕ್ಕೂ ಸಾಫ್ಟ್‌ವೇರ್ ಮಾರುವವರು ಚೀಲ ಹಿಡಿದು ಬರುತ್ತಾರೆ.

ಮೊದಲು ಸಾಫ್ಟ್‌ವೇರನ್ನು ನೇಗಿಲು ಕೊಂಡ ಹಾಗೆ ಕೊಳ್ಳುತ್ತಿದ್ದರು. ಒಮ್ಮೆ ದುಡ್ಡು ಕೊಟ್ಟರೆ ನಮ್ಮದು. ಆಮೇಲೆ ತಿಂಗಳ ಬಾಡಿಗೆ ಬಂತು. ಈಗ ಮೀಟರ್ ಬಂದಿದೆ. ಇಷ್ಟು ಕ್ರೆಡಿಟ್ ಮುಂಗಡ ಕೊಳ್ಳಿ, ಕೆಲಸ ಮಾಡಿದ ಹಾಗೆಲ್ಲ ಕಡಿತವಾಗ್ತದೆ, ಮುಗಿದ ಮೇಲೆ ಹೆಚ್ಚುವರಿ ದರ.

ಆ ಹೆಸರಿನಲ್ಲೇ ಮೋಸ ನೋಡಿ. ಕ್ರೆಡಿಟ್ ಅಂದರೆ ನಮಗೆ ಗೊತ್ತಿರೋದು 1998ರಲ್ಲಿ ಬಂದ ಕಿಸಾನ್ ಕ್ರೆಡಿಟ್ ಕಾರ್ಡ್. ಅಲ್ಲಿ ಕ್ರೆಡಿಟ್ ಅಂದರೆ ಬ್ಯಾಂಕು ನಮಗೆ ಕೊಟ್ಟ ಸಾಲ. ಇಲ್ಲಿ ಕ್ರೆಡಿಟ್ ಅಂದರೆ ನಮ್ಮದೇ ದುಡ್ಡು, ಹೆಸರು ಬದಲಿಸಿಕೊಂಡು ಅವರ ಪೆಟ್ಟಿಗೆಯಲ್ಲಿ ಕೂತದ್ದು. ಒಮ್ಮೆ ರೂಪಾಯಿ ಕ್ರೆಡಿಟ್ ಆಯಿತೆಂದರೆ ಅದಕ್ಕೆ ರಿಸರ್ವ್ ಬ್ಯಾಂಕಿನ ಮುದ್ರೆಯಿಲ್ಲ. ಒಂದು ಕೆಲಸಕ್ಕೆ ಎಷ್ಟು ಕ್ರೆಡಿಟ್ ಅನ್ನೋದನ್ನು ಮಾರಿದವನೇ ಹೇಳಬೇಕು. ಇವತ್ತು ಒಂದು ಅಂದವ ನಾಳೆ ಎರಡು ಅನ್ನಬಹುದು. ಎಪಿಎಂಸಿಯ ಕಾಟಾಕ್ಕೆ ಅಳತೆ ಇಲಾಖೆಯ ಮುದ್ರೆ ಬೇಕು. ಕಾಟಾ ಸುಳ್ಳು ಅಂದರೆ ನಾವು ಗಲಾಟೆ ಮಾಡ್ತೇವೆ. ಕ್ರೆಡಿಟ್ ಅಳೆಯುವ ಕಾಟಾಕ್ಕೆ ಯಾವ ಮುದ್ರೆ ಇದೆ? ಸೇರೂ ಅವರದೇ, ಅಳೆಯುವ ಕೈಯೂ ಅವರದೇ.

ಕನ್ನಡಕ್ಕೆ ಇಮ್ಮಡಿ ತೆರಿಗೆ

ಒಂದು ಉದಾಹರಣೆಯಲ್ಲಿ ಇದನ್ನು ಪೂರಾ ನೋಡೋಣ. ಆರುನೂರು ಸದಸ್ಯರ ಒಂದು ಸಂಘ ಅಂತ ಇಟ್ಟುಕೊಳ್ಳಿ. ಗೊಬ್ಬರ ಬಂದಾಗ ಎಲ್ಲರ ಮೊಬೈಲಿಗೆ ಎಸ್ಸೆಮ್ಮೆಸ್ ಕಳಿಸಲು 10,000 ಕ್ರೆಡಿಟ್ ಮುಂಗಡ ಕೊಂಡಿದೆ. ಕಾರ್ಯದರ್ಶಿ ಹೀಗೆ ಬರೀತಾನೆ:

"ಚಿಮ್ಮನಚೋಡ ಸಂಘಕ್ಕೆ ಡಿಎಪಿ ಗೊಬ್ಬರ ಬಂದಿದೆ. ನಾಳೆ ಬೆಳಿಗ್ಗೆ 9ಕ್ಕೆ ಆಧಾರ್ ತಗೊಂಡು ಬನ್ನಿ."

ಎರಡು ಚಿಕ್ಕ ಮಾತು. ಒಂದು ಸಂದೇಶ, ಒಂದು ಕ್ರೆಡಿಟ್ ಅಂತ ನಾವು ತಿಳಿಯುತ್ತೇವೆ. ಆದರೆ ಯಂತ್ರದ ಲೆಕ್ಕ ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಸುತ್ತದೆ. ಕನ್ನಡದಲ್ಲಿ ಬರೆದರೆ ಬರೀ 70. ಅದರ ಮೇಲೆ ನಮ್ಮ ಕೊಂಬು, ದೀರ್ಘ, ಒತ್ತುಗಳನ್ನು ಅದು ಬಿಡಿ ಬಿಡಿಯಾಗಿ ಎಣಿಸುತ್ತದೆ. 'ಚಿಮ್ಮನಚೋಡ' ನಮ್ಮ ಕಣ್ಣಿಗೆ ಐದಕ್ಷರ. ಯಂತ್ರಕ್ಕೆ ಒಂಬತ್ತು. ಮೇಲಿನ ಸಂದೇಶ ಪೂರಾ ಎಣಿಸಿದರೆ 78. ಎಪ್ಪತ್ತು ದಾಟಿತು, ಎರಡು ಕ್ರೆಡಿಟ್ ಹೋಯಿತು! ಎಂಟಕ್ಷರದ ತಪ್ಪಿಗೆ ಇಮ್ಮಡಿ ದಂಡ.

ಈಗ ಸಂಘದ ಖಾತೆ ನೋಡಿ. ಇಂಗ್ಲಿಷಿನಲ್ಲಾದರೆ ಒಂದು ಸುದ್ದಿಗೆ 600 ಕ್ರೆಡಿಟ್, 10,000ದಲ್ಲಿ ಹದಿನಾರು ಸುದ್ದಿ ಕಳಿಸಬಹುದು. ಕನ್ನಡದಲ್ಲಿ ಒಂದು ಸುದ್ದಿಗೆ 1,200, ಎಂಟಕ್ಕೇ ಮುಗೀತು. ಕನ್ನಡ ನಾಡಿನ ರೈತನಿಗೆ ಕನ್ನಡದಲ್ಲಿ ಸುದ್ದಿ ಹೇಳಿದ್ದಕ್ಕೆ ಎರಡರಷ್ಟು ಖರ್ಚು. ಸಂಘ ಸಂಸ್ಥೆಗಳ ಸಂದೇಶಗಳು ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಬರೋದು ಯಾಕೆ ಅಂತ ಈಗ ತಿಳಿಯಿತೇ? ಓದಲು ಬಾರದ ಹಿರಿಯರು ಅದನ್ನು ಮೊಮ್ಮಕ್ಕಳ ಕೈಲಿ ಓದಿಸಿಕೊಳ್ಳಬೇಕು.

70 ಮತ್ತು 160ರ ಮಿತಿ ಯಾವ ಸಾಹುಕಾರನ ಸಂಚೂ ಅಲ್ಲ, ಎಸ್ಸೆಮ್ಮೆಸ್ ಕಟ್ಟಿದವರ ಹಳೇ ತಂತ್ರದ ಲೆಕ್ಕ, ನಿಜ. ಆದರೆ ಮಾರುವಾಗ "ಹತ್ತು ಸಾವಿರ ಸಂದೇಶ" ಅಂತ ಮಾರಿ, ಕಡಿಯುವಾಗ ತುಂಡು ಲೆಕ್ಕದಲ್ಲಿ ಕಡಿಯುವುದು ತಂತ್ರವಲ್ಲ, ವ್ಯಾಪಾರದ ಬಾಯಿ ಮಾತು. ಬೆಳೆ ರೋಗ ಕೇಳಿದರೆ ಉತ್ತರ ಹೇಳುವ ಕಂಪ್ಯೂಟರ್ ಬುದ್ಧಿ ಅಂತ ಈಗ ಬಂದಿದೆಯಲ್ಲ, ಅದರಲ್ಲೂ ಇದೇ ಕಥೆ. ಮಾತನ್ನು ತುಂಡು ಮಾಡಿ, ತುಂಡಿಗಿಷ್ಟು ಅಂತ ದರ. ಅದೇ ಮಾತು ಇಂಗ್ಲಿಷಿಗಿಂತ ಕನ್ನಡದಲ್ಲಿ ಹೆಚ್ಚು ತುಂಡಾಗುತ್ತದೆ. ಅಷ್ಟೇ ದುಡ್ಡಿಗೆ ನಮಗೆ ಕಡಿಮೆ ಉತ್ತರ.

ಮುಗಿದ ಮೇಲೆ ಏನು?

ಎಂಟು ಸುದ್ದಿಗೆ 9,600 ಹೋಯಿತು, ಉಳಿದದ್ದು 400. ಒಂಬತ್ತನೇ ಸುದ್ದಿಗೆ 1,200 ಬೇಕು. ಇಲ್ಲಿ ಕಂಪನಿಗಳು ಮೂರು ದಾರಿ ಇಟ್ಟಿರುತ್ತವೆ.

ಒಂದು, ಮುಗಿದ ಕೂಡಲೇ ಬಂದ್. ಇನ್ನೂರು ಮಂದಿಗೆ ಸುದ್ದಿ ಹೋಗ್ತದೆ, ನಾಲ್ಕುನೂರು ಮಂದಿಗೆ ಹೋಗೋದಿಲ್ಲ. ಮರುದಿನ ಗೊಬ್ಬರ ಖಾಲಿ. ಬಿತ್ತಿದ ಮಳೆ ಗೊಬ್ಬರಕ್ಕಾಗಿ ನಿಲ್ಲೋದಿಲ್ಲ. ಆ ನಾಲ್ಕುನೂರು ಮಂದಿ ಬೈಯೋದು ಕಂಪನಿಯನ್ನಲ್ಲ, ಸಂಘದ ಕಾರ್ಯದರ್ಶಿಯನ್ನು.

ಎರಡು, ನಿಲ್ಲಿಸೋದಿಲ್ಲ, ಆದರೆ ಆಮೆ ಮಾಡ್ತಾರೆ. ಮೊಬೈಲ್ ಡೇಟಾ ಮುಗಿದಾಗ ಚಕ್ರ ತಿರುಗುತ್ತಾ ಕೂರುವುದು ಇದೇ.

ಮೂರು, ನಿಲ್ಲಿಸೋದೂ ಇಲ್ಲ, ಹೇಳೋದೂ ಇಲ್ಲ. ಸುಮ್ಮನೆ ಓಡಿಸಿ, ಮೀರಿದ್ದಕ್ಕೆ ಒಪ್ಪಂದದ ಕೊನೇ ಪುಟದಲ್ಲಿರುವ ದರ ಹಾಕಿ, ತಿಂಗಳ ಕೊನೆಗೆ ಬಿಲ್ ಕಳಿಸ್ತಾರೆ. ಹೆಚ್ಚುವರಿ ಶುಲ್ಕ ಅಂದರೆ ಇದು. ಮೂರರಲ್ಲಿ ಕೆಟ್ಟದ್ದು ಇದೇ. ಮುಂಗಡ ಕೊಟ್ಟ ಸಾಹುಕಾರ ಒಂದೇ ರಾತ್ರಿಯಲ್ಲಿ ಬಾಕಿದಾರ ಆಗಿಬಿಡ್ತಾನೆ. ಅವನ ಕೈಯಿಂದ ಒಂದು ಸಹಿಯಾಗಲಿಲ್ಲ, ಬಾಯಿಂದ ಹೂಂ ಅನ್ನಲಿಲ್ಲ. ಸಾಲ ಹುಟ್ಟಿತು!

ರೈತನಿಗೆ ಇದು ಹೆಚ್ಚು ಹೊಡೆಯೋದು ಯಾಕೆಂದರೆ ನಮ್ಮ ಕೆಲಸ ತಿಂಗಳ ಕೆಲಸವಲ್ಲ, ಮಳೆಯ ಕೆಲಸ. ಮುಂಗಾರಿನಲ್ಲಿ ಬೀಜ, ಗೊಬ್ಬರ, ಔಷಧ ಅಂತ ವಾರಕ್ಕೆ ಎರಡು ಸುದ್ದಿ. ತೊಗರಿ ರಾಶಿಯ ಕಾಲಕ್ಕೆ ದರ, ನೋಂದಣಿ, ಖರೀದಿ ಅಂತ ಮತ್ತೆ ನುಗ್ಗಾಟ. ಬೇಸಿಗೆಯಲ್ಲಿ ಸುದ್ದಿಯೇ ಇಲ್ಲ. ತಿಂಗಳಿಗಿಷ್ಟು ಅಂತ ಸಮ ಪಾಲು ಹಂಚಿದರೆ ಬೇಸಿಗೆಯ ಪಾಲು ಕೊಳೆಯುತ್ತದೆ, ಮುಂಗಾರಿನ ಪಾಲು ಮೀರುತ್ತದೆ. ಒಂದೇ ಸಂಘ ಅದೇ ವರ್ಷದಲ್ಲಿ ಬಳಸದ್ದಕ್ಕೂ ಕಳಕೊಂಡು, ಬಳಸಿದ್ದಕ್ಕೂ ದಂಡ ತೆರುತ್ತದೆ. ಸಂಬಳದವರ ಕ್ಯಾಲೆಂಡರನ್ನು ತಂದು ಹೊಲದವನ ಕೊರಳಿಗೆ ಕಟ್ಟಿದ ಫಲ ಇದು.

ಕರೆಂಟಿನಿಂದ ಕಲಿಯುವ ಪಾಠ

ಮಿತಿ ಮತ್ತು ಮೀರಿಕೆಯ ಲೆಕ್ಕ ನಮ್ಮ ಗೋಡೆಯ ಮೀಟರಿನಲ್ಲೂ ಇದೆ. ಗೃಹಜ್ಯೋತಿ ಯೋಜನೆಗೆ 2023ರ ಆಗಸ್ಟ್ 5ರಂದು ಚಾಲನೆ ಕೊಟ್ಟದ್ದು ನಮ್ಮ ಕಲಬುರಗಿಯಲ್ಲೇ. ಶುರುವಾದಾಗಿನ ಲೆಕ್ಕ: 2022-23ರ ಸರಾಸರಿ ಬಳಕೆ, ಅದರ ಮೇಲೆ ನೂರಕ್ಕೆ ಹತ್ತು, ಅಷ್ಟು ಪುಕ್ಕಟೆ. ಸರಾಸರಿ 60 ಯೂನಿಟ್ ಇದ್ದವನಿಗೆ 66. ಅವನು 80 ಸುಟ್ಟರೆ ಮೇಲಿನ 14ಕ್ಕೆ ದುಡ್ಡು. ಇದು ಇಳಿಜಾರು, ಕಾಲಿಟ್ಟು ಇಳಿಯಬಹುದು. ಆದರೆ 200 ದಾಟಿ 201 ಆದರೆ ಪೂರಾ ಬಿಲ್ ಅವನದೇ. ಇದು ಪ್ರಪಾತ. ಒಪ್ಪಂದದಲ್ಲಿ ಇಳಿಜಾರು ಎಲ್ಲಿ, ಪ್ರಪಾತ ಎಲ್ಲಿ ಅಂತ ಮೊದಲು ಹುಡುಕಬೇಕು.

ಆದರೂ ಕರೆಂಟಿನಲ್ಲಿ ಒಂದು ನ್ಯಾಯ ಉಂಟು. ಜೆಸ್ಕಾಂ ತನ್ನ ಮನಸ್ಸಿಗೆ ಬಂದಂತೆ ದರ ಇಡುವಂತಿಲ್ಲ. ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಲೆಕ್ಕ ಇಡಬೇಕು, ಬಹಿರಂಗ ವಿಚಾರಣೆಯಲ್ಲಿ ರೈತ ಎದ್ದು ನಿಂತು ಆಕ್ಷೇಪ ಹೇಳಬಹುದು. ಇನ್ನೊಂದು ದೊಡ್ಡ ಮಾತಿದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 47ನೇ ಕಲಂ ನೋಡಿ. ನಮ್ಮಿಂದ ತಗೊಂಡ ಠೇವಣಿಗೆ ಕಂಪನಿ ಬ್ಯಾಂಕ್ ದರಕ್ಕೆ ಕಡಿಮೆಯಿಲ್ಲದ ಬಡ್ಡಿ ಕೊಡಬೇಕು. ಪ್ರೀಪೇಯ್ಡ್ ಮೀಟರಿನಲ್ಲಿ ಕರೆಂಟು ತಗೊಳ್ಳಲು ಒಪ್ಪಿದವನಿಂದ ಠೇವಣಿಯನ್ನೇ ಕೇಳುವಂತಿಲ್ಲ. ಪಂಪ್‌ಸೆಟ್ ಬಿಟ್ಟು ಉಳಿದವರಿಗೆ ಪ್ರೀಪೇಯ್ಡ್ ಸ್ಮಾರ್ಟ್ ಮೀಟರ್ ಹಾಕಬೇಕೆಂದು ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ ಕಾಲಮಿತಿ ಹಾಕಿತ್ತು. ಆ ಮೀಟರ್ ನಿಮ್ಮ ಗೋಡೆಗೆ ಬಂದ ದಿನ ಈ 47ನೇ ಕಲಂ ನೆನಪಿರಲಿ. ಮುಂಗಡವೂ ಬೇಕು, ಠೇವಣಿಯೂ ಇರಲಿ ಅಂದರೆ ಬಿಡಬೇಡಿ.

ಕಬ್ಬಿನಲ್ಲೂ ಇದೇ ತತ್ವ. 1966ರ ಕಬ್ಬು ನಿಯಂತ್ರಣ ಆಜ್ಞೆಯ ಪ್ರಕಾರ ಕಾರ್ಖಾನೆ 14 ದಿನದಲ್ಲಿ ಬಿಲ್ ಕೊಡದಿದ್ದರೆ ವರ್ಷಕ್ಕೆ ನೂರಕ್ಕೆ 15 ಬಡ್ಡಿ. ಅಂದರೆ ಒಬ್ಬರ ದುಡ್ಡು ಇನ್ನೊಬ್ಬರ ಹತ್ತಿರ ಕೂತರೆ ಅದಕ್ಕೆ ಬಡ್ಡಿ ಹುಟ್ಟಬೇಕು ಅನ್ನೋದು ಈ ದೇಶದ ಕಾನೂನಿಗೆ ಗೊತ್ತಿದೆ. ಕಿಸಾನ್ ಕಾರ್ಡಿನ ಸಾಲ ಗಡುವು ಮೀರಿದರೆ ನೂರಕ್ಕೆ 3ರ ಬಡ್ಡಿ ರಿಯಾಯಿತಿ ನಮಗೆ ತಪ್ಪುತ್ತದೆ. ನಮ್ಮ ಮೇಲೆ ಇಷ್ಟು ಚುರುಕಾದ ಗಡಿಯಾರ, ಕ್ರೆಡಿಟ್ ಪೆಟ್ಟಿಗೆಯಲ್ಲಿ ನಮ್ಮ ದುಡ್ಡು ಕೂತಾಗ ಯಾಕೆ ನಿಲ್ಲುತ್ತದೆ? ನಿಂತರೂ ಸೈ, ಅದು ಹಿಂದಕ್ಕೆ ತಿರುಗಿ ದುಡ್ಡನ್ನೇ ನುಂಗುತ್ತದಲ್ಲ!

ಅವರ ವಾದವೂ ಕೇಳೋಣ

ಕಂಪನಿಯವರು ಹೇಳ್ತಾರೆ: "ಯಂತ್ರ ಸದಾ ಓಡ್ತಿರಬೇಕು, ಅದಕ್ಕೆ ಖರ್ಚಿದೆ. ಎಷ್ಟು ಬೇಕು ಅಂತ ಮೊದಲೇ ಗೊತ್ತಾದರೆ ಅಗ್ಗಕ್ಕೆ ಕೊಡಬಹುದು. ಅವಧಿ ಇಲ್ಲದಿದ್ದರೆ ಲೆಕ್ಕ ಮುಗಿಯೋದೇ ಇಲ್ಲ." ಇದರಲ್ಲಿ ಹುರುಳಿದೆ. ಬಳಸಿದಷ್ಟಕ್ಕೆ ದುಡ್ಡು ಅನ್ನೋದು ಸಣ್ಣ ಸಂಘಕ್ಕೆ ಒಳ್ಳೆಯದೇ. ವರ್ಷಕ್ಕೆ ನಾಲ್ಕು ಸುದ್ದಿ ಕಳಿಸುವವ ಲಕ್ಷ ರೂಪಾಯಿ ಸಾಫ್ಟ್‌ವೇರ್ ಯಾಕೆ ಕೊಳ್ಳಬೇಕು? ಮುಂಗಡಕ್ಕೆ ರಿಯಾಯಿತಿ ಕೊಟ್ಟರೆ ಅದೂ ಬಡ್ಡಿಯ ಒಂದು ರೂಪವೇ, ಒಪ್ಪುತ್ತೇವೆ.

ಆದರೆ ಖರ್ಚಿನ ಮಾತಾಡುವವರು ಒಂದಕ್ಕೆ ಉತ್ತರ ಹೇಳಲಿ. ಬಳಸದೆ ಉಳಿದ ಕ್ರೆಡಿಟ್‌ಗೆ ಅವರ ಯಂತ್ರ ಓಡಲಿಲ್ಲ, ಖರ್ಚು ಬೀಳಲಿಲ್ಲ. ಆ ದುಡ್ಡು ಯಾವ ಬೆವರಿನ ಫಲ? ಬಿತ್ತದೆ ಬೆಳೆದ ಬೆಳೆ ಅಂದರೆ ಇದೇ ತಾನೇ?

ನಮ್ಮ ಬೇಡಿಕೆ

1. ಮುಂಗಡ ಕೊಟ್ಟ ದುಡ್ಡು ಸಾಯಬಾರದು. ಉಳಿಕೆ ಮುಂದಿನ ಅವಧಿಗೆ ಹೋಗಬೇಕು, ಇಲ್ಲವೇ ವಾಪಸ್ ಬರಬೇಕು. ಬೇಸಾಯದ ಸಂಘಗಳಿಗೆ ಅವಧಿ ಅಂದರೆ ಪೂರಾ ಒಂದು ವರ್ಷ.

2. ಮೀರಿದ ಬಳಕೆಯ ದರ ಒಳಗಿನ ದರಕ್ಕಿಂತ ಎಷ್ಟು ಹೆಚ್ಚು ಅಂತ ಮೊದಲನೇ ಪುಟದಲ್ಲೇ, ಕನ್ನಡದಲ್ಲಿ, ರೂಪಾಯಿಯಲ್ಲಿ ಬರೆಯಬೇಕು.

3. ಮುಗಿಯುವ ಮುನ್ನ ಎರಡು ಸಲ ಎಚ್ಚರಿಕೆ. ಮುಗಿದ ಮೇಲೆ, ನಾವು ಹೂಂ ಅನ್ನುವವರೆಗೆ ಹೆಚ್ಚುವರಿ ಓಡಿಸಬಾರದು. ಕೇಳದೆ ಹುಟ್ಟಿದ ಸಾಲವನ್ನು ನಾವು ತೀರಿಸುವುದಿಲ್ಲ.

4. ಒಪ್ಪಂದದ ಅವಧಿಯಲ್ಲಿ ಕ್ರೆಡಿಟ್‌ನ ಅಳತೆ ಬದಲಿಸಬಾರದು.

5. ಕನ್ನಡದ ಸಂದೇಶಕ್ಕೂ ಇಂಗ್ಲಿಷಿನ ಸಂದೇಶಕ್ಕೂ ಒಂದೇ ದರ. ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಕೊಡಿಸುವ ಸರ್ಕಾರ ಇದನ್ನು ಟೆಂಡರಿನಲ್ಲೇ ಬರೆಸಬೇಕು.

ಇವು ಸಿಗುವವರೆಗೆ ಸುಮ್ಮನೆ ಕೂರಬೇಕಿಲ್ಲ. ನಿಮ್ಮ ಸಂಘದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಮೂರೇ ಪ್ರಶ್ನೆ ಕೇಳಿ: ಕಳೆದ ವರ್ಷ ಎಷ್ಟು ಕ್ರೆಡಿಟ್ ಕೊಂಡಿರಿ? ಎಷ್ಟು ಅವಧಿ ಮುಗಿದು ಸತ್ತಿತು? ಮೀರಿದ್ದಕ್ಕೆ ಎಷ್ಟು ತೆತ್ತಿರಿ? ಈ ಮೂರು ಅಂಕಿ ಜಮಾ-ಖರ್ಚಿನ ಪುಸ್ತಕದಲ್ಲಿ ಬೇರೆ ಸಾಲಾಗಿ ಬರಲಿ. ಮನೆಯ ಮೊಬೈಲಿಗೆ ರಿಚಾರ್ಜ್ ಮಾಡಿಸುವಾಗ, "30 ದಿನದ್ದು ಯಾವುದದ? ಬರೀ ಮಾತಿಂದು ಯಾವುದದ?" ಅಂತ ಕೇಳಿ. ಅನ್ಯಾಯ ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಅಡತಿ ಅಂಗಡಿಯ ತೂಕದ ಮೋಸವನ್ನು ನಮ್ಮ ಹಿರಿಯರು ಕಾಟಾದ ಮುಂದೆ ನಿಂತು ಹಿಡಿದರು, ಮನೆಯಲ್ಲಿ ಕೂತು ಅಲ್ಲ. ಈ ಹೊಸ ಕಾಟಾ ಕಣ್ಣಿಗೆ ಕಾಣೋದಿಲ್ಲ, ಆದರೆ ಅದರ ಚೀಟಿ ನಮ್ಮ ಕೈಗೇ ಬರ್ತದೆ. ಆ ಚೀಟಿ ಓದೋದು ಕಲಿಯಬೇಕು. ದುಡ್ಡು ಮೊದಲು ಕೊಟ್ಟವ ತಲೆ ತಗ್ಗಿಸಬೇಕಾಗಿಲ್ಲ. ತಗೊಂಡವನೇ ಎದುರಿಗೆ ಕೂತು ಲೆಕ್ಕ ಒಪ್ಪಿಸಬೇಕು.